ಖರ್ಚು ನಮ್ಮದು, ಲಾಭ ಯಾರದು?

ಪ್ರತಿ ಸಲವೂ ಹೀಗೇ ಆಗುತ್ತಿದೆ. ಯಾವುದೋ ಸಿನಿಮಾದ ಟ್ರೇಲರ್ ಬರುತ್ತದೆ. ಅದರಲ್ಲಿ ನಮ್ಮ ಧರ್ಮವನ್ನೋ ನಮ್ಮ ಹೆಣ್ಣುಮಕ್ಕಳನ್ನೋ ಕೆಟ್ಟದಾಗಿ ತೋರಿಸಿರುತ್ತಾರೆ. 'ಇದನ್ನು ಯಾರೂ ನೋಡಬೇಡಿ, ಎಲ್ಲರಿಗೂ ತಿಳಿಸಿ' ಎಂಬ ಒಕ್ಕಣೆಯೊಂದಿಗೆ ಅದೇ ಟ್ರೇಲರ್ ನಮ್ಮ ಮೊಬೈಲಿಗೆ ಬಂದು ಬೀಳುತ್ತದೆ. ಕಳಿಸಿದವರು ಸಿನಿಮಾದವರಲ್ಲ, ನಮ್ಮವರೇ. ಬಂಟ್ವಾಳದ ಬಂಧು, ಬೆಳ್ತಂಗಡಿಯ ಗೆಳೆಯ, ಮೂಡುಬಿದಿರೆಯ ಮೇಷ್ಟ್ರು ಎಲ್ಲರೂ ಕಳಿಸುತ್ತಾರೆ. ಮರುದಿನ ಮನವಿ, ಅದರ ಮರುದಿನ ಪ್ರತಿಭಟನೆ. ವಾರ ಕಳೆಯುವಷ್ಟರಲ್ಲಿ ಹೆಸರೇ ಕೇಳಿರದ ಸಿನಿಮಾ ಮನೆಮಾತಾಗಿರುತ್ತದೆ.

ನಮ್ಮ ನೋವು ಸುಳ್ಳಲ್ಲ. ಆದರೆ ಈ ಕೂಗಿನ ಖರ್ಚು ಯಾರದು, ಲಾಭ ಯಾರದು ಎಂದು ಒಮ್ಮೆಯಾದರೂ ಲೆಕ್ಕ ಹಾಕಿದ್ದೇವೆಯೇ?

'ಬೇಡ' ಎಂದರೆ ಏನಾಗುತ್ತದೆ ಎಂದು ತಿಳಿಯಲು ದೂರ ಹೋಗಬೇಕಿಲ್ಲ. ನಮ್ಮ ಹೊಕ್ಕಾಡಿಗೋಳಿ, ವೇಣೂರು, ಮೂಡುಬಿದಿರೆಯ ಕಂಬಳಗಳನ್ನೇ ನೋಡೋಣ. ಒಂದು ಕಾಲದಲ್ಲಿ ಘಟ್ಟದ ಮೇಲಿನವರಿಗೆ ಕಂಬಳವೆಂದರೇನು ಎಂದು ಬಿಡಿಸಿ ಹೇಳಬೇಕಿತ್ತು. ಕೋಣಗಳಿಗೆ ಹಿಂಸೆಯಾಗುತ್ತಿದೆಯೆಂದು ಪೇಟಾ ಸಂಸ್ಥೆ ಕೋರ್ಟಿಗೆ ಹೋಯಿತು. 2016ರ ನವೆಂಬರಿನಲ್ಲಿ ಹೈಕೋರ್ಟ್ ಮಧ್ಯಂತರ ತಡೆ ಕೊಟ್ಟಿತು. 2017ರ ಜನವರಿಯಲ್ಲಿ ಮೂಡುಬಿದಿರೆಯಲ್ಲಿ ಜನ ಕೋಣಗಳನ್ನೇ ಕರೆತಂದು ಬೀದಿಗಿಳಿದರು. ಕಂಬಳದ ಗದ್ದೆಯನ್ನೇ ಕಾಣದವರೂ ಅದರ ಪರವಾಗಿ ಮಾತಾಡತೊಡಗಿದರು. ವಿಧಾನಮಂಡಲ ಕಾನೂನನ್ನೇ ತಿದ್ದಿತು. 2023ರ ನವೆಂಬರಿನಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿಯೇ ಕಂಬಳ ನಡೆಯಿತು. ಇದರಲ್ಲಿ 2022ರ 'ಕಾಂತಾರ' ಸಿನಿಮಾದ ಪಾಲೂ ಇದೆ, ನಿಜ. ಆದರೆ ಊರಿನ ಆಟವನ್ನು ನಾಡಿನ ಅಭಿಮಾನದ ಪ್ರಶ್ನೆಯಾಗಿಸಿದ್ದು ಆ ತಡೆಯೇ.

ಕಂಬಳವನ್ನು ದ್ವೇಷದ ಸಿನಿಮಾಕ್ಕೆ ಹೋಲಿಸುವುದು ನಮ್ಮ ಉದ್ದೇಶವಲ್ಲ. ಅದು ತುಳುನಾಡಿನ ರೈತರ ಆಟ. ಕರೆಯ ಬದಿಯಲ್ಲಿ ನಿಂತು ನಾವೂ ನೋಡಿದ್ದೇವೆ. ನಾವು ಹೇಳುತ್ತಿರುವುದು ನಿಷೇಧದ ಗುಣವನ್ನು. ಯಾವುದನ್ನು ಬೇಡವೆನ್ನುತ್ತೇವೋ ಅದರ ಸುತ್ತ ಜನ ಸೇರುತ್ತಾರೆ.

2023ರ ಮೇ 18ರಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಜಲ್ಲಿಕಟ್ಟಿನ ಜೊತೆಗೆ ಕಂಬಳದ ಕಾನೂನನ್ನೂ ಎತ್ತಿಹಿಡಿಯಿತು. ಅದೇ ದಿನ ಅದೇ ಕೋರ್ಟಿನ ಇನ್ನೊಂದು ಪೀಠ 'ದಿ ಕೇರಳ ಸ್ಟೋರಿ' ಸಿನಿಮಾಕ್ಕೆ ಪಶ್ಚಿಮ ಬಂಗಾಳ ಸರಕಾರ ಹೇರಿದ್ದ ನಿಷೇಧಕ್ಕೆ ತಡೆ ನೀಡಿತು. ದೊಡ್ಡ ತಾರೆಯರಿಲ್ಲದ ಸಿನಿಮಾ ಅದು. ಬಿಡುಗಡೆಯ ದಿನವೇ, ಮೇ 5ರಂದು, ಪ್ರಧಾನಿಯವರು ಬಳ್ಳಾರಿಯ ಚುನಾವಣಾ ಸಭೆಯಲ್ಲಿ ಅದರ ಹೆಸರೆತ್ತಿದರು. ಮಧ್ಯಪ್ರದೇಶ, ಉತ್ತರಪ್ರದೇಶಗಳಲ್ಲಿ ತೆರಿಗೆ ವಿನಾಯಿತಿ ಸಿಕ್ಕಿತು. ದೇಶದೊಳಗಿನ ಗಳಿಕೆ 200 ಕೋಟಿ ರೂಪಾಯಿ ದಾಟಿತು. ಅದನ್ನು ಬೆಳೆಸಿದ್ದು ರಾಜಕೀಯ. ಆದರೆ ಆ ರಾಜಕೀಯಕ್ಕೆ 'ನೋಡಿ, ಇವರು ಸತ್ಯಕ್ಕೆ ಹೆದರುತ್ತಿದ್ದಾರೆ' ಎಂದು ತೋರಿಸಲು ಒಂದು ಚಿತ್ರ ಬೇಕಿತ್ತು. ನಿಷೇಧಿಸಿ ಎಂಬ ಕೂಗು ಆ ಚಿತ್ರವನ್ನು ಪುಕ್ಕಟೆಯಾಗಿ ಒದಗಿಸಿತು.

ಇದಕ್ಕೆ ಜಾತಿ ಧರ್ಮಗಳ ಭೇದವಿಲ್ಲ. 2013ರಲ್ಲಿ ಮುಸ್ಲಿಂ ಸಂಘಟನೆಗಳು 'ವಿಶ್ವರೂಪಂ' ವಿರೋಧಿಸಿದವು. ತಮಿಳುನಾಡು ಸರಕಾರ ತಡೆಯಿತು. ಕೆಲವು ದೃಶ್ಯಗಳನ್ನು ಸರಿಪಡಿಸಿ ಫೆಬ್ರವರಿಯಲ್ಲಿ ತೆರೆಗೆ ಬಂದಾಗ ಜನ ಮುಗಿಬಿದ್ದರು. 2018ರ 'ಪದ್ಮಾವತ್' ವಿಷಯದಲ್ಲಿ ಕರ್ಣಿ ಸೇನೆಗೆ ಆದದ್ದೂ ಅದೇ. 2023ರಲ್ಲಿ 'ಪಠಾಣ್' ಬಹಿಷ್ಕರಿಸಿ ಎಂದವರು ಕಂಡದ್ದು ಜಗತ್ತಿನಾದ್ಯಂತ 1000 ಕೋಟಿ ಮೀರಿದ ಗಳಿಕೆ. ಆಗ ನಾವು ನಕ್ಕೆವು. ಅವರ ಮೂರ್ಖತನ ಕಂಡ ನಮಗೆ ನಮ್ಮದು ಕಾಣಲಿಲ್ಲ. ವಿರೋಧಿಸಿದ ಸಿನಿಮಾಗಳೆಲ್ಲ ಗೆಲ್ಲುವುದಿಲ್ಲ ಎಂಬುದೂ ನಿಜ. 2024ರ ಜೂನಿನಲ್ಲಿ ಕರ್ನಾಟಕ ಸರಕಾರ ತಡೆಹಿಡಿದ 'ಹಮಾರೆ ಬಾರಹ್' ಆಮೇಲೆ ತೆರೆ ಕಂಡು ನೆಲಕಚ್ಚಿತು. ಆದರೆ ಆ ತಡೆ ಇಲ್ಲದಿದ್ದರೆ ಇಲ್ಲಿ ಎಷ್ಟು ಮಂದಿಗೆ ಆ ಹೆಸರು ಗೊತ್ತಿರುತ್ತಿತ್ತು?

ನಮ್ಮ ಉರ್ದು ಶಾಲೆಯಲ್ಲಿ ಮೌಲವಿ ಸಾಹೇಬರು 'ಶೊಹ್ರತ್' ಎಂದರೆ ಕೀರ್ತಿ, 'ರುಸ್ವಾಯಿ' ಎಂದರೆ ಅಪಕೀರ್ತಿ ಎಂದು ಬರೆಸಿದ್ದರು. ಟಿಕೆಟು ಮಾರುವವನ ನಿಘಂಟಿನಲ್ಲಿ ಎರಡಕ್ಕೂ ಒಂದೇ ಅರ್ಥ.

ಇನ್ನು ಖರ್ಚು. 1986ರ ಡಿಸೆಂಬರಿನಲ್ಲಿ ಬೆಂಗಳೂರಿನ ಇಂಗ್ಲಿಷ್ ಪತ್ರಿಕೆಯೊಂದರ ಭಾನುವಾರದ ಪುರವಣಿಯಲ್ಲಿ ಒಂದು ಕತೆ ಬಂತು. ಅದರ ಶೀರ್ಷಿಕೆ ನಮ್ಮವರನ್ನು ಕೆರಳಿಸಿತು. ಗಲಭೆ, ಗೋಲಿಬಾರುಗಳಲ್ಲಿ ಹತ್ತಕ್ಕೂ ಹೆಚ್ಚು ಜೀವಗಳು ಹೋದವು. ಕತೆ ಬರೆಯುವ ನಮಗೆ ಗೊತ್ತು, ಭಾನುವಾರದ ಕತೆ ಸೋಮವಾರ ಕಡಲೆಕಾಯಿ ಕಟ್ಟುವ ಕಾಗದ. ಆ ಕಾಗದಕ್ಕಾಗಿ ಮಕ್ಕಳು ತಬ್ಬಲಿಗಳಾದರು. ಇಂದಿಗೂ ಘೋಷಣೆ ಕೂಗಿದ ಹುಡುಗನ ಮೇಲೆ ಒಂದು ಕೇಸು ಬಿದ್ದರೆ ಪಾಸ್‌ಪೋರ್ಟಿನ ಪೊಲೀಸ್ ವೆರಿಫಿಕೇಶನ್ನಿನಲ್ಲಿ ಅವನ ಗಲ್ಫಿನ ಕನಸು ನಿಲ್ಲುತ್ತದೆ. ಕರೆಕೊಟ್ಟ ನಾಯಕರು ಅವನ ತಾಯಿಯ ಮುಂದೆ ಬಂದು ನಿಲ್ಲುತ್ತಾರೆಯೇ?

ಹಾಗಾದರೆ ಬಾಯಿ ಮುಚ್ಚಿ ಕೂರಬೇಕೆ? ಖಂಡಿತ ಇಲ್ಲ. 'ಕೇರಳ ಸ್ಟೋರಿ'ಯ ಟೀಸರ್ 32,000 ಹೆಣ್ಣುಮಕ್ಕಳ ಲೆಕ್ಕ ಹೇಳಿತ್ತು. ಪುರಾವೆ ಕೇಳಿದಾಗ ಅದು ಮೂವರಿಗೆ ಇಳಿಯಿತು. ಆ ಸಂಖ್ಯೆಗೆ ಅಧಿಕೃತ ದಾಖಲೆಯಿಲ್ಲ, ಇದು ಕಲ್ಪಿತ ಕತೆ ಎಂದು ಸಿನಿಮಾದಲ್ಲೇ ಬರೆದು ತೋರಿಸುವುದಾಗಿ ನಿರ್ಮಾಪಕರ ವಕೀಲರು ಸುಪ್ರೀಂ ಕೋರ್ಟಿನಲ್ಲಿ ಒಪ್ಪಬೇಕಾಯಿತು. ಕಂಬಳದ ವಿಷಯದಲ್ಲೂ ಅಷ್ಟೆ: ನಿಷೇಧ ಸಿಗಲಿಲ್ಲ, ಆದರೆ ಕೋಣಗಳನ್ನು ಹಿಂಸಿಸಬಾರದೆಂಬ ಷರತ್ತು ಕಾನೂನಿನೊಳಗೆ ಬಂತು. ಎರಡೂ ಕಡೆ ದಕ್ಕಿದ್ದು ಪುರಾವೆ ಹಿಡಿದು ನಿಂತವರಿಗೆ.

ಇನ್ನೊಂದು ಕಹಿ ಮಾತನ್ನೂ ಹೇಳಬೇಕು. ಮಸೀದಿಗೆ ಹೋಗುವ ಹಕ್ಕು ಹೆಣ್ಣಿಗೂ ಇದೆ ಎಂದದ್ದಕ್ಕೆ ಬಾನು ಮುಷ್ತಾಕ್ ಅವರಿಗೆ 2000ದಲ್ಲಿ ಬಹಿಷ್ಕಾರ ಹಾಕಿದವರು ನಮ್ಮವರೇ. ಅದರಿಂದ ಅವರ ಕತೆಗಳು ನಿಂತವೇ? 2025ರಲ್ಲಿ ಅಂತಾರಾಷ್ಟ್ರೀಯ ಬೂಕರ್ ಬಂದಾಗ 'ನಮ್ಮ ಬಾನು' ಎಂದು ಸಂಭ್ರಮಿಸಿದವರೂ ನಾವೇ. ಮುಸ್ಲಿಂ ಹೆಣ್ಣಿನ ಬಗ್ಗೆ ಸುಳ್ಳು ಹೇಳುವ ಸಿನಿಮಾಕ್ಕೆ ಉತ್ತರ ಆ ಕತೆಗಳಲ್ಲಿತ್ತು, ಸಾರಾ ಅಬೂಬಕ್ಕರ್ ಅವರ 'ಚಂದ್ರಗಿರಿಯ ತೀರದಲ್ಲಿ' ಕಾದಂಬರಿಯಲ್ಲಿತ್ತು. ನಮ್ಮ ಎಷ್ಟು ಮನೆಗಳಲ್ಲಿ ಆ ಪುಸ್ತಕಗಳಿವೆ?

ಮುಂದಿನ ಟ್ರೇಲರ್ ಬಂದೇ ಬರುತ್ತದೆ. ಅದನ್ನು ಇನ್ನೊಬ್ಬರಿಗೆ ಕಳಿಸದಿರೋಣ. ಸುಳ್ಳಿದ್ದರೆ ಬಲ್ಲವರು ದಾಖಲೆ ಸಮೇತ ಕೋರ್ಟಿಗೆ ಹೋಗಲಿ, ಪತ್ರಿಕೆಗೆ ಬರೆಯಲಿ. ಹುಡುಗರು ಶಾಲೆಗೆ, ಕೆಲಸಕ್ಕೆ ಹೋಗಲಿ. ಪ್ರತಿಭಟನೆಗೆಂದು ಎತ್ತಿದ ಚಂದಾದಲ್ಲಿ ಊರಿನ ಲೈಬ್ರರಿಗೆ ನಾಲ್ಕು ಪುಸ್ತಕ ಬರಲಿ. ನಮ್ಮ ಸಿಟ್ಟನ್ನೇ ಬಂಡವಾಳ ಮಾಡಿಕೊಂಡವರಿಗೆ ಇದಕ್ಕಿಂತ ದೊಡ್ಡ ನಷ್ಟ ಬೇರೊಂದಿಲ್ಲ.