ಪಾದದ ಅಗಲವನ್ನು ಅಳೆಯುವವರಾರು?

ಘನವಸ್ತುವೊಂದರ ಗಾತ್ರವನ್ನು ತಿಳಿಸಲು ಉದ್ದ, ಅಗಲ, ಎತ್ತರ ಎಂಬ ಮೂರು ಅಳತೆಗಳು ಬೇಕೆಂಬುದನ್ನು ಪ್ರೌಢಶಾಲೆಯ ವಿದ್ಯಾರ್ಥಿಯೂ ಬಲ್ಲನು. ಆದರೆ ಅದೇ ವಿದ್ಯಾರ್ಥಿಯು ಬೂಟಿನ ಅಂಗಡಿಯನ್ನು ಹೊಕ್ಕೊಡನೆ ಈ ಪಾಠವು ಮರೆತುಹೋಗುವುದು. "ಎಷ್ಟನೆಯ ನಂಬರು?" ಎಂದು ಅಂಗಡಿಯವರು ಕೇಳುವರು, "ಎಂಟು" ಎಂದು ಇವನು ಹೇಳುವನು, ಪೆಟ್ಟಿಗೆ ಹೊರಬರುವುದು. ಆ ಎಂಟು ಎಂಬುದು ಉದ್ದದ ಅಳತೆ ಮಾತ್ರ. ಅಗಲವನ್ನು ಕೇಳುವವರೂ ಇಲ್ಲ, ಹೇಳುವವರೂ ಇಲ್ಲ.

ಸಾಮಾನ್ಯವಾದ ನಡಿಗೆಯಲ್ಲಿ ಈ ಅಲಕ್ಷ್ಯದ ಫಲವು ಅಷ್ಟಾಗಿ ಕಾಣದು. ದೂರದ ಓಟದಲ್ಲಿ ಹಾಗಲ್ಲ. ದಾವಣಗೆರೆಯ ಕೆ.ಬಿ. ಬಡಾವಣೆಯಿಂದ ಹರಿಹರಕ್ಕೆ ಸುಮಾರು 14 ಕಿಲೋಮೀಟರು ದಾರಿ. ಹೆಜ್ಜೆಯೊಂದಕ್ಕೆ ಒಂದು ಮೀಟರೆಂದು ಹಿಡಿದರೆ, ಈ ದಾರಿಯನ್ನು ಓಡುವವನ ಒಂದೊಂದು ಪಾದವೂ 7,000 ಬಾರಿ ನೆಲವನ್ನು ಮುಟ್ಟುವುದು. ಪ್ರತಿ ಬಾರಿಯೂ ಪಾದದ ಮೇಲೆ ಬೀಳುವ ಗರಿಷ್ಠ ಬಲವು ದೇಹದ ತೂಕದ ಸುಮಾರು ಎರಡೂವರೆ ಪಟ್ಟು. 60 ಕಿಲೋಗ್ರಾಂ ತೂಗುವ ತರುಣನಿಗೆ ಇದು 1,470 ನ್ಯೂಟನ್‌ಗಳಷ್ಟಾಯಿತು. ನಮ್ಮ ಮಂಡಿಪೇಟೆಯ ಭಾಷೆಯಲ್ಲಿ ಹೇಳುವುದಾದರೆ, ಒಂದೂವರೆ ಕ್ವಿಂಟಲು ಮೆಕ್ಕೆಜೋಳದ ಭಾರ. ಬಿಗಿಯಾದ ಬೂಟಿನೊಳಗೆ ಒತ್ತಿಕೊಂಡ ಕಿರುಬೆರಳು ಈ ಭಾರವನ್ನು 7,000 ಸಲ ಸಹಿಸಬೇಕು. ಬೊಬ್ಬೆ, ಆಣಿ, ಕಪ್ಪಾದ ಉಗುರು ಮುಂತಾದವು ಓಟಗಾರನ ದೌರ್ಬಲ್ಯದಿಂದ ಬಂದವುಗಳಲ್ಲ, ಅಳತೆಯ ದೋಷದಿಂದ ಬಂದವುಗಳು.

ಇತ್ತೀಚಿನ ವರ್ಷಗಳಲ್ಲಿ ದಪ್ಪನೆಯ ಮೆತ್ತೆಯುಳ್ಳ ಬೂಟುಗಳು ಎಲ್ಲೆಡೆಯೂ ಕಾಣಬರುತ್ತಿವೆ. ಕಾಲು ನೋಯುತ್ತದೆಂದು ಹೇಳಿದವನಿಗೆ ಇನ್ನೂ ಮೆತ್ತನೆಯದನ್ನು ಕೊಳ್ಳಲು ಸಲಹೆ ದೊರೆಯುವುದು. ಮೆತ್ತೆಯು ನಿಷ್ಪ್ರಯೋಜಕವೆಂದು ನಾವು ಹೇಳಲಾರೆವು. ಚೆಂಡನ್ನು ಹಿಡಿಯುವವನು ಕೈಯನ್ನು ಹಿಂದಕ್ಕೆ ಸೆಳೆದುಕೊಳ್ಳುವುದೇಕೆ? ಸಂವೇಗದ ಬದಲಾವಣೆಯು ಅಷ್ಟೇ ಇದ್ದರೂ, ಅದಕ್ಕೆ ಹಿಡಿಯುವ ಕಾಲವು ಹೆಚ್ಚಿದಂತೆಲ್ಲ ಬಲವು ತಗ್ಗುವುದು. ಬೂಟಿನ ಅಟ್ಟೆಯಲ್ಲಿರುವ ಪ್ಲಾಸ್ಟಿಕ್ಕಿನ ನೊರೆಯೂ ಇದೇ ಕೆಲಸವನ್ನು ಮಾಡುವುದು; ಅದರ ಅಸಂಖ್ಯಾತ ಗುಳ್ಳೆಗಳು ಕುಗ್ಗಿ ಪೆಟ್ಟನ್ನು ನಿಧಾನಗೊಳಿಸುವುವು. ಲಕ್ಸೆಂಬರ್ಗಿನಲ್ಲಿ 800ಕ್ಕೂ ಹೆಚ್ಚು ಓಟಗಾರರ ಮೇಲೆ ನಡೆದು 2020ರಲ್ಲಿ ಪ್ರಕಟವಾದ ಪರೀಕ್ಷೆಯೊಂದರಲ್ಲಿ, ಗಟ್ಟಿ ಅಟ್ಟೆಯವರಿಗಿಂತ ಮೆತ್ತನೆಯ ಅಟ್ಟೆಯವರಿಗೆ ಗಾಯಗಳು ಕಡಮೆಯಾದುವೆಂದು ಕಂಡುಬಂದಿತು.

ಆದರೆ ಅಗಲವಾದ ಪಾದವನ್ನು ಕಿರಿದಾದ ಮೆತ್ತೆಯ ಮೇಲೆ ಇರಿಸಿದರೆ ಏನಾಗುವುದೆಂಬುದನ್ನು ಯೋಚಿಸಿ ನೋಡೋಣ. ಮೆತ್ತೆಯನ್ನು ಒತ್ತೊತ್ತಾಗಿ ನಿಲ್ಲಿಸಿದ ಸಣ್ಣ ಸ್ಪ್ರಿಂಗುಗಳ ಗುಂಪೆಂದು ಭಾವಿಸಿರಿ. ನಡುವೆ ಇರುವ ಸ್ಪ್ರಿಂಗಿಗೆ ಸುತ್ತಲಿನವುಗಳ ಆಸರೆಯುಂಟು. ಅಂಚಿನದಕ್ಕೆ ಒಂದು ಪಕ್ಕದಲ್ಲಿ ಆಸರೆಯಿಲ್ಲ. ಪಾದವು ಅಂಚನ್ನು ಮೀರಿ ಹೊರಚಾಚಿದಾಗ ಭಾರವೆಲ್ಲವೂ ಆ ಅಂಚಿನ ಮೇಲೆ ಬಿದ್ದು, ಅದು ಉಳಿದ ಭಾಗಕ್ಕಿಂತ ಹೆಚ್ಚಾಗಿ ಕುಗ್ಗುವುದು. ಪಾದವು ಹೊರಮಗ್ಗುಲಿಗೆ ವಾಲುವುದು. ಮೆತ್ತೆ ದಪ್ಪವಾದಷ್ಟೂ ಕುಗ್ಗಲು ಅವಕಾಶ ಹೆಚ್ಚು, ವಾಲುವಿಕೆಯೂ ಹೆಚ್ಚು. ಹೊರಚಾಚಿದ ಭಾಗವನ್ನು ಆಗ ತಡೆದು ನಿಲ್ಲಿಸುವುದು ಬೂಟಿನ ಮೇಲ್ಭಾಗದ ಬಟ್ಟೆಯೊಂದೇ. ಅದು ಚರ್ಮವನ್ನು ಉಜ್ಜುವುದು, ಕೊನೆಗೆ ತಾನೂ ಹರಿಯುವುದು. ಅಂತರರಾಷ್ಟ್ರೀಯ ಅಥ್ಲೆಟಿಕ್ಸ್ ಸಂಸ್ಥೆಯು ರಸ್ತೆ ಓಟದ ಬೂಟುಗಳ ಅಟ್ಟೆಯು 40 ಮಿಲಿಮೀಟರಿಗಿಂತ ದಪ್ಪವಿರಕೂಡದೆಂದು 2020ರಲ್ಲಿ ನಿಯಮ ಮಾಡಿತು. ದಪ್ಪಕ್ಕೆ ಹೀಗೊಂದು ಮಿತಿಯನ್ನು ಹಾಕಿದವರುಂಟು. ಅಗಲವನ್ನು ಕುರಿತು ಚಿಂತಿಸುವ ಹೊಣೆಯು ಮಾತ್ರ ಓಡುವವನದಾಗಿಯೇ ಉಳಿದಿದೆ.

ಬಿಗಿಯಾದಾಗ ಜನರು ಸಾಮಾನ್ಯವಾಗಿ ಕಂಡುಕೊಂಡಿರುವ ಉಪಾಯವೆಂದರೆ ಒಂದು ನಂಬರು ದೊಡ್ಡದನ್ನು ಕೊಳ್ಳುವುದು. ಇದು ಸರಿಯಾದ ಉಪಾಯವಲ್ಲ. ನಮ್ಮಲ್ಲಿ ಬಳಕೆಯಲ್ಲಿರುವ ಇಂಗ್ಲಿಷ್ ಪದ್ಧತಿಯಲ್ಲಿ ಒಂದು ನಂಬರೆಂದರೆ ಅಂಗುಲದ ಮೂರನೆಯ ಒಂದಂಶ, ಎಂದರೆ ಸುಮಾರು 8.5 ಮಿಲಿಮೀಟರು. ಮೂಲದಲ್ಲಿ ಅದು ಒಂದು ಬಾರ್ಲಿ ಕಾಳಿನ ಉದ್ದವಂತೆ! ಉದ್ದವು ಇಷ್ಟು ಬೆಳೆದಾಗ ಅಗಲವು ಬೆಳೆಯುವುದು ಎರಡು ಮೂರು ಮಿಲಿಮೀಟರು ಮಾತ್ರ. ಅಷ್ಟು ಅಗಲಕ್ಕಾಗಿ ನಾವು ತೆರುವ ಬೆಲೆಯೇನು? ಬೂಟು ಬಾಗಬೇಕಾದ ಜಾಗವು ಬೆರಳುಗಳ ಬುಡದ ಕೀಲಿಗಿಂತ ಮುಂದಕ್ಕೆ ಸರಿಯುವುದು; ಹಿಮ್ಮಡಿಯು ಸಡಿಲವಾಗಿ ಮೇಲೆ ಕೆಳಗೆ ಜಾರುವುದು; ಜಾರುವಲ್ಲೆಲ್ಲ ಘರ್ಷಣೆ, ಘರ್ಷಣೆಯಿರುವಲ್ಲೆಲ್ಲ ಬೊಬ್ಬೆ. ಮುಂದಿನ ನೋವನ್ನು ಹಿಂದಕ್ಕೆ ವರ್ಗ ಮಾಡಿಸಿದಂತಾಯಿತು, ಅಷ್ಟೆ.

ನಮ್ಮವರ ಪಾದಗಳೇ ಹೀಗೇಕೆ ಎಂದು ವಿದ್ಯಾರ್ಥಿಗಳು ಕೇಳಬಹುದು. ಬರಿಗಾಲಿನಲ್ಲಿ ಬೆಳೆದ ಪಾದದ ಬೆರಳುಗಳು ಬಿಡಿಯಾಗಿ ಹರಡಿಕೊಳ್ಳುತ್ತವೆ. ದಕ್ಷಿಣ ಭಾರತದಲ್ಲಿ ಬರಿಗಾಲಿನಲ್ಲೇ ನಡೆಯುವವರನ್ನು ಪರೀಕ್ಷಿಸಿ ಬೆಲ್ಜಿಯಂ ದೇಶದ ಸಂಶೋಧಕರು 2009ರಲ್ಲಿ ಪ್ರಕಟಿಸಿದ ಲೇಖನವು, ಇಂತಹವರ ಪಾದಗಳು ಅಗಲವಾಗಿದ್ದು, ಒತ್ತಡವು ಪಾದದಲ್ಲಿ ಹೆಚ್ಚು ಸಮನಾಗಿ ಹಂಚಿಹೋಗುವುದೆಂದು ತಿಳಿಸಿತು. ಅದಕ್ಕಿಂತ ಮೊದಲೇ, 1992ರಲ್ಲಿ, ನಮ್ಮ ಕರಾವಳಿಯ ಕಸ್ತೂರಬಾ ವೈದ್ಯಕೀಯ ಕಾಲೇಜಿನ ರಾವ್ ಮತ್ತು ಜೋಸೆಫ್ ಎಂಬ ವೈದ್ಯರು 2,300 ಮಕ್ಕಳ ಪಾದದ ಗುರುತುಗಳನ್ನು ಪರೀಕ್ಷಿಸಿದ್ದರು. ಪಾದರಕ್ಷೆ ಧರಿಸುವ ಮಕ್ಕಳಲ್ಲಿ 100ಕ್ಕೆ 8.6 ಮಂದಿಗೆ ಚಪ್ಪಟೆ ಪಾದವಿದ್ದರೆ, ಧರಿಸದವರಲ್ಲಿ 2.8 ಮಂದಿಗೆ ಮಾತ್ರ ಇತ್ತು. ಬೆರಳುಗಳನ್ನು ಮುಚ್ಚುವ ಬೂಟಿನವರಲ್ಲಿ ಈ ದೋಷವು ಎಲ್ಲರಿಗಿಂತ ಹೆಚ್ಚಾಗಿತ್ತು. ಅಗಲವಾದ ಪಾದವೆಂಬುದು ಕೊರತೆಯಲ್ಲ. ಅದನ್ನು ಕೊರತೆಯೆಂದು ತೋರಿಸುವುದು ಬೇರೆ ದೇಶದ ಪಾದಗಳಿಗಾಗಿ ಕೊರೆದ ಅಚ್ಚು.

ಹಾಗಾದರೆ ಬರಿಗಾಲಿನಲ್ಲೇ ಓಡಬಾರದೇಕೆ? ಈ ವಾದವನ್ನು ಎತ್ತುವವರು ಇಥಿಯೋಪಿಯದ ಅಬೆಬೆ ಬಿಕಿಲನನ್ನು ತಪ್ಪದೆ ಸ್ಮರಿಸುವರು. ಹೊಸ ಬೂಟುಗಳು ಪಾದಕ್ಕೆ ಒಗ್ಗದೆ ಹೋದುದರಿಂದ ಆತನು 1960ರ ರೋಮ್ ಒಲಿಂಪಿಕ್ಸ್‌ನಲ್ಲಿ ಬರಿಗಾಲಿನಲ್ಲಿ ಮ್ಯಾರಥಾನ್ ಓಡಿ, 2 ಗಂಟೆ 15 ನಿಮಿಷ 16 ಸೆಕೆಂಡುಗಳಲ್ಲಿ ಗೆದ್ದನು. ಆದರೆ ಅದೇ ಬಿಕಿಲನು 1964ರಲ್ಲಿ ಟೋಕಿಯೋದಲ್ಲಿ ಬೂಟು ಧರಿಸಿ ಓಡಿ, ಮೂರು ನಿಮಿಷ ಮೊದಲೇ ಗುರಿ ಮುಟ್ಟಿದನೆಂಬುದನ್ನು ಯಾರೂ ಹೇಳುವುದಿಲ್ಲ! ಏಪ್ರಿಲ್ ತಿಂಗಳ ದಾವಣಗೆರೆಯ ಡಾಂಬರು ರಸ್ತೆಯನ್ನು ಕಂಡವರು ಬರಿಗಾಲಿನ ಸಲಹೆಯನ್ನು ಕೊಡಲಾರರು. ಬೂಟು ಬೇಕು, ಪಾದಕ್ಕೆ ಒಪ್ಪುವ ಬೂಟು ಬೇಕು.

ಇದು ಆಗದ ಕೆಲಸವೇನೂ ಅಲ್ಲ. ಉದ್ದ, ಅಗಲ ಎರಡನ್ನೂ ಮಿಲಿಮೀಟರುಗಳಲ್ಲಿ ನಮೂದಿಸುವ ಮಾಂಡೋಪಾಯಿಂಟ್ ಎಂಬ ಅಂತರರಾಷ್ಟ್ರೀಯ ಪದ್ಧತಿಯು ಆಗಲೇ ಇದೆ. ಅಮೆರಿಕದ ಕೆಲವು ತಯಾರಕರು ಒಂದೇ ನಂಬರಿನ ಗಂಡಸರ ಬೂಟನ್ನು ಡಿ, 2ಇ, 4ಇ ಎಂಬ ಬೇರೆ ಬೇರೆ ಅಗಲಗಳಲ್ಲಿ ಮಾಡುವರು. 2ಇ ಎಂದರೆ ಅಗಲ, 4ಇ ಎಂದರೆ ಅತ್ಯಗಲ. ಚೆನ್ನೈನ ಕೇಂದ್ರೀಯ ಚರ್ಮ ಸಂಶೋಧನ ಸಂಸ್ಥೆಯು 2021ರ ಡಿಸೆಂಬರಿನಿಂದ 2022ರ ಮಾರ್ಚಿಯವರೆಗೆ ದೇಶದಾದ್ಯಂತ ಒಂದು ಲಕ್ಷಕ್ಕೂ ಮಿಕ್ಕ ಜನರ ಪಾದಗಳನ್ನು ಅಳೆದು, ಭಾರತೀಯರ ಪಾದವು ಯೂರೋಪು ಅಮೆರಿಕಗಳವರದಕ್ಕಿಂತ ಅಗಲವೆಂದು ಕಂಡಿತು. 'ಭ' ಎಂಬ ಹೆಸರಿನ ನಮ್ಮದೇ ಅಳತೆಯ ಪದ್ಧತಿಯೊಂದನ್ನೂ ಸೂಚಿಸಿತು. ಪೆಟ್ಟಿಗೆಯ ಮೇಲೆ ಬೆಲೆಯನ್ನು ಮುದ್ರಿಸುವಂತೆ ಅಗಲವನ್ನೂ ಮುದ್ರಿಸಬೇಕೆಂದು ಕೊಳ್ಳುವವರು ಕೇಳತೊಡಗದಿದ್ದರೆ ಇಂತಹ ಪದ್ಧತಿಗಳು ಕಡತದಲ್ಲೇ ಉಳಿಯುವುವೆಂದು ನಮಗೆ ತೋರುತ್ತದೆ.

ಅಲ್ಲಿಯವರೆಗೆ ವಿದ್ಯಾರ್ಥಿಗಳು ತಮ್ಮ ಅಳತೆಯನ್ನು ತಾವೇ ತೆಗೆದುಕೊಳ್ಳಲಿ. ಚಪ್ಪಲಿ ಹೊಲಿಯುವವರು ಕಾಗದದ ಮೇಲೆ ಕಾಲಿರಿಸಿ ಸುತ್ತಲೂ ಗೆರೆ ಎಳೆಯುವುದನ್ನು ಹಿರಿಯರು ಕಂಡಿರುವರು. ಅದಕ್ಕಿಂತ ಉತ್ತಮವಾದ ವಿಧಾನ ನಮಗೆ ತಿಳಿಯದು. ದಿನವಿಡೀ ಓಡಾಡಿದ ಪಾದವು ಸ್ವಲ್ಪ ಊದುವುದರಿಂದ ಸಂಜೆಯ ಹೊತ್ತು, ಓಡುವಾಗ ಹಾಕುವ ಕಾಲುಚೀಲವನ್ನೇ ತೊಟ್ಟು, ಎದ್ದು ನಿಂತು ಗೆರೆ ಎಳೆಸಬೇಕು. ಕುಳಿತಾಗಿನ ಪಾದಕ್ಕಿಂತ ಭಾರ ಹೊತ್ತ ಪಾದವು ಅಗಲ. ಎರಡು ಪಾದಗಳೂ ಸಮನಾಗಿರುವುದು ಅಪರೂಪವಾದುದರಿಂದ ದೊಡ್ಡದನ್ನೇ ಲೆಕ್ಕಕ್ಕೆ ಹಿಡಿಯಬೇಕು. ಅಂಗಡಿಯಲ್ಲಿ ಬೂಟಿನ ಒಳಹಾಸನ್ನು ಹೊರಗೆ ತೆಗೆದು ನೆಲದ ಮೇಲಿಟ್ಟು ಅದರ ಮೇಲೆ ನಿಲ್ಲಿರಿ. ಪಾದವು ಯಾವ ಕಡೆಯಲ್ಲಾದರೂ ಹಾಸನ್ನು ಮೀರಿ ಚಾಚಿದರೆ, ಆ ಬೂಟು ಎಷ್ಟೇ ಮೆತ್ತಗಿದ್ದರೂ, ಎಷ್ಟೇ ಅಗ್ಗವಾಗಿದ್ದರೂ ಹಿಂದಕ್ಕೆ ಕೊಡಿರಿ. ಉದ್ದನೆಯ ಬೆರಳಿನ ಮುಂದೆ ಒಂದು ಹೆಬ್ಬೆರಳಿನ ಅಗಲದಷ್ಟು ಜಾಗ ಉಳಿಯಲಿ. ಇಷ್ಟಾದ ಮೇಲೆ ಮೆತ್ತೆಯ ದಪ್ಪವನ್ನು ವಿಚಾರಿಸಬಹುದು.