ಕಳುವಾದ ದೇವರಿಗೆ ಸಾಕ್ಷಿ ಯಾರು?

2013ರ ಜುಲೈನಲ್ಲಿ ಮೂಡುಬಿದಿರೆಯ ಗುರುಬಸದಿಯ ಸಿದ್ಧಾಂತ ದರ್ಶನದಿಂದ 15 ವಿಗ್ರಹಗಳು ಕಳುವಾದವು. ಪೊಲೀಸರು ಕೆಲವನ್ನು ಪತ್ತೆ ಹಚ್ಚಿದರು. ದರ್ಶನ ಪಡೆದವರು ಇಂಥ ವಿಗ್ರಹಗಳನ್ನು ಕಂಡೊಡನೆ ಗುರುತಿಸಬಲ್ಲರು. ಆದರೆ ಯಾರೂ ನೋಡದೆ ನೆಲದಡಿ ಹುದುಗಿದ್ದ ಮೂರ್ತಿ ಕಡಲಾಚೆ ಹೋದರೆ, ಅದು ನಮ್ಮದೆಂದು ಸಾಧಿಸುವುದು ಹೇಗೆ?

ತಮಿಳುನಾಡಿನ ಪತ್ತೂರು ನಟರಾಜನ ಕಥೆ ಸ್ವಾರಸ್ಯಕರವಾಗಿದೆ. 1976ರಲ್ಲಿ ಪಾಳು ಶಿವಾಲಯದ ಬಳಿ ಕೂಲಿಯವನೊಬ್ಬನ ಗುದ್ದಲಿಗೆ ಸಿಕ್ಕ ಈ ಕಂಚಿನ ಮೂರ್ತಿ ಕೈಯಿಂದ ಕೈಗೆ ಮಾರಾಟವಾಗಿ ಲಂಡನ್ ಸೇರಿತು. ಅಲ್ಲಿ ವ್ಯಾಜ್ಯ ನಡೆದಾಗ ಮೂರ್ತಿಯ ಲೋಹ, ಅಂಟಿದ್ದ ಮಣ್ಣು, ಗೆದ್ದಲಿನ ಗುರುತು ಎಲ್ಲವನ್ನೂ ತಜ್ಞರು ಪರೀಕ್ಷಿಸಿದರು. 1988ರಲ್ಲಿ ತೀರ್ಪು ಗುಡಿಯ ಪರವಾಯಿತು. 1991ರಲ್ಲಿ ನಟರಾಜ ಭಾರತಕ್ಕೆ ಮರಳಿದ.

ಅದೇ ರಾಜ್ಯದ ಶ್ರೀಪುರಂದಾನ್ ನಟರಾಜನನ್ನು ಆಸ್ಟ್ರೇಲಿಯಾದ ರಾಷ್ಟ್ರೀಯ ಗ್ಯಾಲರಿ 2008ರಲ್ಲಿ ಕೊಂಡಿತ್ತು. ಪಾಂಡಿಚೇರಿಯ ಫ್ರೆಂಚ್ ಸಂಸ್ಥೆ ಹಿಂದೆಯೇ ತೆಗೆದಿಟ್ಟಿದ್ದ ಛಾಯಾಚಿತ್ರ ಅದರ ಮೂಲವನ್ನು ತೋರಿಸಿಕೊಟ್ಟಿತು. 2014ರಲ್ಲಿ ಮೂರ್ತಿ ಹಿಂದಿರುಗಿತು.

ಬೇಲೂರು, ಹಳೇಬೀಡಿನ ಶಿಲ್ಪಗಳ ಚಿತ್ರ ಎಲ್ಲೆಡೆ ಸಿಗುತ್ತವೆ. ಮಗ್ಗೆ, ಆಲೂರು, ಸಕಲೇಶಪುರದ ಕಡೆ ತೋಟಗಳ ನಡುವಿರುವ ಪುಟ್ಟ ಗುಡಿಯ ಉತ್ಸವಮೂರ್ತಿಗೆ ಆ ಭಾಗ್ಯ ಎಲ್ಲಿ? ಊರವರೇ ಮುಂದಾಗಬೇಕು. ಅರ್ಚಕರು ಅಲಂಕಾರ ತೆಗೆದಾಗ ಮುಂದೆ, ಹಿಂದೆ, ಪೀಠ ಎಲ್ಲವೂ ಕಾಣುವಂತೆ, ಪಕ್ಕದಲ್ಲೊಂದು ಅಡಿಕೋಲಿಟ್ಟು ಫೋಟೊ ತೆಗೆಸಬೇಕು. ಎತ್ತರ, ತೂಕ ಬರೆದಿಡಬೇಕು. ಬೆರಳು ಮುಕ್ಕಾಗಿದ್ದರೆ ಅದನ್ನೂ ಬಿಡಬಾರದು. ಎಷ್ಟೋ ವೇಳೆ ಅದೇ ಖಚಿತವಾದ ಗುರುತು. ದಾಖಲೆಯ ಒಂದು ಪ್ರತಿ ಗುಡಿಯ ಹೊರಗೂ ಭದ್ರವಾಗಿರಲಿ.