ಭರವಸೆಯ ಬೆಲೆ, ವಿಮೆಯ ಮಿತಿ

ಮಿದುಳಿನ ಮಾರಕ ಗಡ್ಡೆಯು ಶಸ್ತ್ರಚಿಕಿತ್ಸೆ ಹಾಗೂ ವಿಕಿರಣ ಚಿಕಿತ್ಸೆಯ ನಂತರವೂ ಮರುಕಳಿಸಿದಾಗ ಕುಟುಂಬದವರ ಕಿವಿಗೆ ಬೀಳುವ ಹೆಸರು ಇಮ್ಯುನೋಥೆರಪಿ. ಕೋಗಿಲಿನ ಅಂಗಡಿಕಾರರಾಗಲಿ, ಸಣ್ಣ ಕಾರ್ಖಾನೆಯ ಮಾಲೀಕರಾಗಲಿ ಆಗ ಕೈಹಾಕುವುದು ನಿವೇಶನದ ಪತ್ರಕ್ಕೆ, ಇಲ್ಲವೇ ವ್ಯಾಪಾರದ ಬಂಡವಾಳಕ್ಕೆ.

ಆಸ್ತಿ ಮಾರುವ ಮುನ್ನ ಫಲಿತಾಂಶವನ್ನು ಅರಿಯುವುದು ಲೇಸು. ದೇಹದ ರೋಗನಿರೋಧಕ ಶಕ್ತಿಯನ್ನೇ ಗಡ್ಡೆಯ ವಿರುದ್ಧ ಎಬ್ಬಿಸುವ ಈ ಚಿಕಿತ್ಸೆಯಿಂದ ಶ್ವಾಸಕೋಶ ಮತ್ತು ಚರ್ಮದ ಕ್ಯಾನ್ಸರ್ ಪೀಡಿತರಲ್ಲಿ ಅನೇಕರಿಗೆ ಪ್ರಯೋಜನವಾಗಿದೆ. ಆದರೆ ಮರುಕಳಿಸಿದ ಗ್ಲಿಯೋಬ್ಲಾಸ್ಟೋಮಾ ಕುರಿತು 369 ರೋಗಿಗಳಲ್ಲಿ ನಡೆದು 2020ರಲ್ಲಿ ಪ್ರಕಟವಾದ ಅಧ್ಯಯನದ ಲೆಕ್ಕ ಬೇರೆ. ನಿವೊಲುಮ್ಯಾಬ್ ಪಡೆದವರಲ್ಲಿ ಅರ್ಧದಷ್ಟು ಮಂದಿ ಬದುಕಿದ್ದು 9.8 ತಿಂಗಳು, ಹಳೆಯ ಔಷಧಿ ಬೆವಾಸಿಝುಮ್ಯಾಬ್ ಪಡೆದವರಲ್ಲಿ 10 ತಿಂಗಳು. 2024ರಲ್ಲಿ ಸಿಎಆರ್-ಟಿ ಕೋಶ ಚಿಕಿತ್ಸೆಯಿಂದ ಕೆಲವರ ಗಡ್ಡೆ ಕುಗ್ಗಿದ್ದು ನಿಜವಾದರೂ ಅದಿನ್ನೂ ಪ್ರಯೋಗದ ಹಂತದ್ದು.

ಆದ್ದರಿಂದ ನಿಮ್ಹಾನ್ಸ್ ಅಥವಾ ಕಿದ್ವಾಯಿಯಂತಹ ಸಂಸ್ಥೆಯ ತಜ್ಞರಿಂದ ಎರಡನೆಯ ಅಭಿಪ್ರಾಯ ಪಡೆಯಬೇಕು. ಎಷ್ಟು ರೋಗಿಗಳಿಗೆ, ಎಷ್ಟು ಕಾಲ ಗುಣ ಕಂಡಿದೆ ಎಂದು ಕೇಳುವುದು ಅವಿಶ್ವಾಸವಲ್ಲ, ವಿವೇಕ.

ಇನ್ನು ವಿಮೆ. ಚುಚ್ಚುಮದ್ದಿನ ರೂಪದ ಇಮ್ಯುನೋಥೆರಪಿಯನ್ನು ಆರೋಗ್ಯ ವಿಮೆಯಿಂದ ಹೊರಗಿಡಬಾರದೆಂದು ವಿಮಾ ನಿಯಂತ್ರಣ ಪ್ರಾಧಿಕಾರವು 2019ರಲ್ಲಿ ಸೂಚಿಸಿತು. ಆದರೆ ಉಪಮಿತಿ ಹಾಕಲು ಕಂಪನಿಗಳಿಗೆ ಅವಕಾಶ ಉಳಿಯಿತು. ವಿಮಾ ಮೊತ್ತ ದೊಡ್ಡದಿದ್ದರೂ ಈ ಚಿಕಿತ್ಸೆಗೆ ಸಿಗುವ ಹಣ ಕಡಿಮೆಯಿರಬಹುದು. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ವಿಮೆಗೆ ಜಿಎಸ್‌ಟಿ ವಿನಾಯಿತಿ ದೊರೆತಿದೆ. ಉಳಿದ ಹಣದಲ್ಲಿ ವಿಮಾ ಮೊತ್ತವನ್ನು ಹೆಚ್ಚಿಸಿಕೊಳ್ಳುವುದು, ಉಪಮಿತಿಯ ಸಾಲನ್ನು ಆರೋಗ್ಯವಿರುವಾಗಲೇ ಓದಿಕೊಳ್ಳುವುದು ಪ್ರತಿಯೊಬ್ಬ ವರ್ತಕನ ಕರ್ತವ್ಯ. ರೋಗಿಯ ನಂತರವೂ ಕುಟುಂಬ ಬಾಳಬೇಕಲ್ಲವೇ?